ಎಂಜಿನ್ನಿಗೂ ಒಂದು ಮೂಗಿದೆ: ಗಾಳಿ ಡಬ್ಬಿಯ ನೂರು ವರ್ಷದ ಕಥೆ

ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ಚಿಕ್ಕಪ್ಪನ ಮಗ ಆನ್‌ಲೈನಲ್ಲಿ ಒಂದು ಪೆಟ್ಟಿಗೆ ತರಿಸಿದ. ಒಳಗೆ ಹೊಳೆಯುವ ಅಲ್ಯೂಮಿನಿಯಂ ಪೈಪು, ಐಸ್‌ಕ್ರೀಮ್ ಕೋನಿನ ಹಾಗಿರುವ ಕೆಂಪು ಫಿಲ್ಟರು, ಎರಡು ರಬ್ಬರ್ ಜಾಯಿಂಟು, ನಾಲ್ಕು ಕ್ಲಿಪ್ಪು. ಅವನದು ಸೆಕೆಂಡ್ ಹ್ಯಾಂಡ್ ಕಾರು, ಹಳದಿ ಬೋರ್ಡು. ಚಳ್ಳಕೆರೆ, ಹಿರಿಯೂರು ಕಡೆ ಬಾಡಿಗೆ ಹೊಡೆದು ಅದರಿಂದಲೇ ಸಾಲದ ಕಂತು ಕಟ್ಟಬೇಕು.

"ಅಣ್ಣಾ, ಗಾಳಿ ಜಾಸ್ತಿ ಒಳಗೆ ಹೋದ್ರೆ ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ ಅಂತೆ ಕಣಣ್ಣ. ಮನೇಲೇ ಹಾಕ್ಬಹುದು. ವಿಡಿಯೋ ನೋಡಿದೀನಿ" ಅಂದ.

ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಾರು ಪೆಟ್ರೋಲಿನಿಂದ ಓಡುತ್ತದೆ ಅನ್ನುತ್ತೇವೆ. ಆದರೆ ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೆಕ್ಕ ಹಾಕಿ ನೋಡಿ: ಲೀಟರು ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರು ಗಾಳಿ. 1.2 ಲೀಟರಿನ ಎಂಜಿನ್ 4,000 ಸುತ್ತಿನಲ್ಲಿ ಆಕ್ಸಿಲೇಟರ್ ಪೂರ್ತಿ ತುಳಿದಾಗ ನಿಮಿಷಕ್ಕೆ 2,400 ಲೀಟರಿನಷ್ಟು ಗಾಳಿ ಎಳೆಯಬಲ್ಲದು. ಇಷ್ಟೂ ಗಾಳಿ ಬಾನೆಟ್ ಕೆಳಗಿನ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಮೂಲಕವೇ ಹೋಗಬೇಕು. ಆ ಡಬ್ಬಿ ಅಲ್ಲಿಗೆ ಬಂದದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ಕಥೆ ಅಮೆರಿಕದ ಹೊಲಗಳಿಗೂ ಈಜಿಪ್ಟಿನ ಮರಳಿಗೂ ಹೋಗಿ ಮುಟ್ಟುತ್ತದೆ.

ಮೊದಮೊದಲ ಕಾರುಗಳಿಗೆ ಏರ್ ಫಿಲ್ಟರೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಕಾರ್ಬುರೇಟರ್ ಬಾಯಿ ತೆರೆದುಕೊಂಡೇ ಇತ್ತು. ಇನ್ನೊಂದು ತಮಾಷೆ ಕೇಳಿ. ಈಗಿನ ಹುಡುಗರು ದುಡ್ಡು ಕೊಟ್ಟು ತಣ್ಣನೆ ಗಾಳಿಯ ಪೈಪು ಹಾಕಿಸುತ್ತಾರೆ. ಆ ಕಾರಿಗೆ ಸೈಲೆನ್ಸರಿನ ಕೊಳವೆಗೆ ತಾಗಿ ಬಿಸಿಯಾದ ಗಾಳಿಯನ್ನು ತರುವ ಪೈಪು ಇತ್ತು! ಆಗಿನ ಪೆಟ್ರೋಲು ಸುಲಭವಾಗಿ ಆವಿಯಾಗುತ್ತಿರಲಿಲ್ಲ, ಚಳಿ ದೇಶ ಬೇರೆ. ಬಿಸಿ ಗಾಳಿ ಬೇಕೇ ಬೇಕಿತ್ತು.

ಧೂಳಿನ ಕಷ್ಟ ಮೊದಲು ಗೊತ್ತಾಗಿದ್ದು ರೈತನಿಗೆ. ಕಾರು ಹೇಗೋ ಧೂಳು ಹಿಂದೆ ಬಿಟ್ಟು ಮುಂದೆ ಹೋಗುತ್ತದೆ. ಟ್ರ್ಯಾಕ್ಟರ್ ಹಾಗಲ್ಲ, ತಾನೇ ಎಬ್ಬಿಸಿದ ಧೂಳಿನ ಮಧ್ಯೆ ದಿನವಿಡೀ ನಿಧಾನವಾಗಿ ತೆವಳಬೇಕು. ಮಣ್ಣಿನ ಸಣ್ಣ ಕಣಗಳು ಪಿಸ್ಟನ್ ರಿಂಗಿಗೂ ಬೋರಿಗೂ ನಡುವೆ ಸೇರಿ ಉಪ್ಪುಕಾಗದದ ಹಾಗೆ ತೇಯುತ್ತವೆ. ಬೋರು ಸವೆದರೆ ಆಯಿಲ್ ಮೇಲೆ ಬರುತ್ತದೆ, ಹೊಗೆ ಶುರುವಾಗುತ್ತದೆ, ಎಳೆತ ಬಿದ್ದುಹೋಗುತ್ತದೆ.

1915ರಲ್ಲಿ ಅಮೆರಿಕದ ಮಿನೆಸೋಟದ ಫ್ರಾಂಕ್ ಡೊನಾಲ್ಡ್‌ಸನ್ ಎಂಬಾತ ಟ್ರ್ಯಾಕ್ಟರ್ ಕಂಪನಿಯೊಂದರಲ್ಲಿ ಮಾರಾಟದ ಕೆಲಸ ಮಾಡುತ್ತಿದ್ದ. ಗಿರಾಕಿಯೊಬ್ಬನ ಟ್ರ್ಯಾಕ್ಟರ್ ಪದೇ ಪದೇ ಕೆಡುತ್ತಿತ್ತು. ಹೋಗಿ ನೋಡಿದರೆ ಎಂಜಿನ್ ಒಳಗೆಲ್ಲ ಧೂಳು. ಈತ ತಂತಿಯ ಚೌಕಟ್ಟಿಗೆ ಬಟ್ಟೆ ಸುತ್ತಿ, ಗಾಳಿ ಎಳೆಯುವ ಬಾಯಿಗೆ ಅಳವಡಿಸಿದ. ಟ್ರ್ಯಾಕ್ಟರ್ ಓಡಿತು. ಕಂಪನಿ ಈತನಿಗೆ ಕೊಟ್ಟ ಬಹುಮಾನ ಏನು ಗೊತ್ತೆ? ಕೆಲಸದಿಂದ ತೆಗೆದುಹಾಕಿತು. ನಮ್ಮ ಯಂತ್ರದಲ್ಲಿ ದೋಷವಿದೆ ಎಂದು ನೀನೇ ಊರಿಗೆಲ್ಲ ತೋರಿಸಿದಂತಾಯಿತು ಎಂಬುದು ಅವರ ತಕರಾರು. ಆತ ಮನೆಯವರ ಜೊತೆ ಸೇರಿ ಸ್ವಂತ ಕಂಪನಿ ಶುರು ಮಾಡಿದ. ಅದು ಇವತ್ತಿಗೂ ಫಿಲ್ಟರ್ ಮಾಡುತ್ತಿದೆ.

ಅಂದರೆ ಎಂಜಿನ್ನಿನ ಉಸಿರಿಗೆ ಹೊರಗಿನವರು ಕೈ ಹಾಕಿದ್ದು ಜಾಸ್ತಿ ಪಿಕಪ್ ಸಿಗಲಿ ಅಂತಲ್ಲ, ಎಂಜಿನ್ ಉಳಿಯಲಿ ಅಂತ. ಇದು ನೆನಪಿರಲಿ.

ಆಮೇಲೆ ಬಂದದ್ದು ಆಯಿಲ್ ಬಾತ್. ನಮ್ಮ ಕಡೆ ಹಳೇ ಟ್ರ್ಯಾಕ್ಟರ್, ಹಳೇ ಜೀಪು ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಳಗೆ ಒಂದು ಬಟ್ಟಲು, ಅದರಲ್ಲಿ ಗುರುತಿನವರೆಗೆ ಆಯಿಲ್. ಮೇಲಿಂದ ಬಂದ ಗಾಳಿ ಆಯಿಲ್ ಹತ್ತಿರ ಬಂದು ಥಟ್ಟನೆ ತಿರುಗಿ ಮೇಲೇರಬೇಕು. ಗಾಳಿ ಹಗುರ, ತಿರುಗುತ್ತದೆ. ಧೂಳು ಭಾರ, ತಿರುಗಲಾರದೆ ಆಯಿಲಿಗೆ ಬೀಳುತ್ತದೆ. ಉಳಿದದ್ದು ಮೇಲಿನ ತಂತಿಜಾಲರಿಗೆ ಅಂಟಿಕೊಳ್ಳುತ್ತದೆ. ಬಟ್ಟಲು ಬಿಚ್ಚಿ, ಕೆಸರಾದ ಆಯಿಲ್ ಚೆಲ್ಲಿ, ಡೀಸೆಲಿನಲ್ಲಿ ತೊಳೆದು, ಮತ್ತೆ ಗುರುತಿನವರೆಗೆ ತುಂಬಿದರೆ ಆಯಿತು. ಗುರುತು ಮೀರಿ ಹಾಕಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಳ್ಳುತ್ತದೆ. ನಮ್ಮಜ್ಜ ಓದು ಬರಹ ಬಾರದಿದ್ದರೂ ಆ ಗುರುತನ್ನು ಬೆರಳಿಟ್ಟು ನೋಡುತ್ತಿದ್ದ.

1950-60ರ ದಶಕಗಳಲ್ಲಿ ಕಾರುಗಳಿಗೆ ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್ ಬಂತು. ತೊಳೆಯುವ ರಗಳೆ ಇಲ್ಲ, ಹಳೆಯದು ತೆಗೆದು ಹೊಸದು ಹಾಕುವುದು. ಧೂಳು ಹಿಡಿಯುವುದರಲ್ಲಿ ಆಯಿಲ್ ಬಾತಿಗಿಂತ ಇದೇ ಮೇಲು.

ಇನ್ನು ಈಜಿಪ್ಟಿನ ಮರಳಿಗೆ ಬರೋಣ. ಎರಡನೇ ಮಹಾಯುದ್ಧದಲ್ಲಿ, 1942ರ ಹೊತ್ತಿಗೆ, ಬ್ರಿಟಿಷರ ಸ್ಪಿಟ್‌ಫೈರ್ ಯುದ್ಧವಿಮಾನಗಳು ಮರುಭೂಮಿಗೆ ಬಂದವು. ಮರಳಿನಿಂದ ಎಂಜಿನ್ ಕಾಪಾಡಲು ಮೂಗಿನ ಕೆಳಗೆ ವೋಕ್ಸ್ ಎಂಬ ದೊಡ್ಡ ಫಿಲ್ಟರ್ ಕಟ್ಟಿದರು. ವಿಮಾನಕ್ಕೆ ಗಂಟಲಮಾಳ ಬಂದ ಹಾಗೆ ಕಾಣುತ್ತಿತ್ತು. ಎಂಜಿನ್ ಉಳಿಯಿತು, ಆದರೆ ವೇಗ ಬಿತ್ತು. ಆಕಾಶದಲ್ಲಿ ಜರ್ಮನ್ ವಿಮಾನ ಬೆನ್ನ ಹಿಂದಿರುವಾಗ ವೇಗ ಬೀಳುವುದೆಂದರೆ ಜೀವದ ಪ್ರಶ್ನೆ. ಆಗ ಈಜಿಪ್ಟಿನ ಅಬುಕಿರ್‌ನಲ್ಲಿದ್ದ ವಾಯುಪಡೆಯ ರಿಪೇರಿ ಘಟಕದ ಮೆಕ್ಯಾನಿಕ್‌ಗಳು ತಾವೇ ಚಿಕ್ಕದಾದ, ಗಾಳಿಗೆ ಕಡಿಮೆ ಅಡ್ಡ ಬರುವ ಫಿಲ್ಟರ್ ತಯಾರಿಸಿದರು. ಅಬುಕಿರ್ ಫಿಲ್ಟರ್ ಎಂದೇ ಅದಕ್ಕೆ ಹೆಸರು. ಮುಂದೆ ಬಂದ ಸ್ಪಿಟ್‌ಫೈರ್‌ಗಳಲ್ಲಿ ಫಿಲ್ಟರನ್ನು ಮೂತಿಯ ಒಳಗೇ ಅಡಗಿಸಲಾಯಿತು.

ಫಿಲ್ಟರ್ ಬಿಗಿಯಾದರೆ ಉಸಿರು ಕಡಿಮೆ, ಸಡಿಲವಾದರೆ ಧೂಳು. ಅವತ್ತಿನಿಂದ ಇವತ್ತಿನವರೆಗೂ ಜಗಳ ಇದೊಂದೇ.

ಯುದ್ಧದ ನಂತರ ಅಮೆರಿಕದಲ್ಲಿ ಕಾರು ಓಡಿಸುವ ಹುಚ್ಚು ಹತ್ತಿತು. 1964ರಲ್ಲಿ ಫೋರ್ಡ್ ಕಂಪನಿಯೇ ರೇಸಿಗೆಂದು ಥಂಡರ್‌ಬೋಲ್ಟ್ ಎಂಬ ಕಾರು ಮಾಡಿತು. ಮುಂದೆ ನಾಲ್ಕು ದೀಪ ಇರಬೇಕಾದಲ್ಲಿ ಒಳಗಿನ ಎರಡನ್ನು ಕಿತ್ತು, ಆ ತೂತುಗಳಿಗೆ ಜಾಲರಿ ಹಾಕಿ, ಅಲ್ಲಿಂದ ಎಂಜಿನ್ನಿಗೆ ನೇರ ಹೊರಗಿನ ತಣ್ಣನೆ ಗಾಳಿ ಎಳೆದರು. 1969ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬೈಕ್ ಮಾರುತ್ತಿದ್ದ ಕೆನ್ ಜಾನ್ಸನ್, ನಾರ್ಮ್ ಮೆಕ್‌ಡೊನಾಲ್ಡ್ ಇಬ್ಬರು ಹತ್ತಿಬಟ್ಟೆಯ ಪದರಗಳಿಗೆ ಎಣ್ಣೆ ಹಚ್ಚಿದ, ತೊಳೆದು ಮತ್ತೆ ಬಳಸುವ ಫಿಲ್ಟರ್ ಮಾರಲು ಶುರು ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿ ಕೆ ಅಂಡ್ ಎನ್. ನಮ್ಮ ಹುಡುಗನ ಪೆಟ್ಟಿಗೆಯಲ್ಲಿದ್ದ ಕೆಂಪು ಕೋನು ಅದರ ನಕಲಿನ ನಕಲು.

1990ರ ದಶಕಕ್ಕೆ ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ಬಂತು. ಸ್ಕ್ರೂ ತಿರುಗಿಸಿ ಎಂಜಿನ್ ಹದ ಮಾಡುವ ಕಾಲ ಮುಗಿಯಿತು. ಹುಡುಗರ ಕೈಗೆ ಸುಲಭವಾಗಿ ಎಟುಕಿದ್ದು ಎರಡೇ: ಗಾಳಿ ಒಳಬರುವ ಪೈಪು, ಹೊಗೆ ಹೊರಹೋಗುವ ಪೈಪು. ಕ್ಯಾಲಿಫೋರ್ನಿಯಾದಲ್ಲಿ ಹೋಂಡಾ ಸಿವಿಕ್ ಇದ್ದವರು ಮನೆ ಮುಂದೆಯೇ, ಒಂದು ಸ್ಪ್ಯಾನರ್ ಒಂದು ಸ್ಕ್ರೂಡ್ರೈವರ್ ಹಿಡಿದು ಡಬ್ಬಿ ಕಿತ್ತು ಕೋನು ಹಾಕಿದರು. ಆದರೆ ಅಲ್ಲಿನ ಸರ್ಕಾರ ಸುಮ್ಮನಿರಲಿಲ್ಲ. ಹೊಗೆ ಹೆಚ್ಚಾಗುವುದಿಲ್ಲ ಎಂದು ಪರೀಕ್ಷೆಯಲ್ಲಿ ತೋರಿಸಿ, ವಾಯು ಮಂಡಳಿಯಿಂದ ಆದೇಶ ಸಂಖ್ಯೆ ಪಡೆದ ಕಿಟ್‌ಗೆ ಮಾತ್ರ ರಸ್ತೆಯ ಮೇಲೆ ಮಾನ್ಯತೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕಾನೂನು ಒಪ್ಪದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಲಾಭ ಇದೆಯೇ? ತಣ್ಣನೆ ಗಾಳಿ ದಟ್ಟ ಇರುತ್ತದೆ, ಅದು ನಿಜ. 60 ಡಿಗ್ರಿಯ ಗಾಳಿಗಿಂತ 35 ಡಿಗ್ರಿಯ ಗಾಳಿ ಸುಮಾರು ನೂರಕ್ಕೆ 8ರಷ್ಟು ದಟ್ಟ. ಆದರೆ ಈಗಿನ ಕಾರುಗಳ ಮೂಲ ಡಬ್ಬಿ ಸಾಮಾನ್ಯವಾಗಿ ಹೊರಗಿನ ಗಾಳಿಯನ್ನೇ ಎಳೆಯುತ್ತದೆ. ಅದನ್ನು ಕಿತ್ತು ಬಾನೆಟ್ ಕೆಳಗೆ ಬೋಳು ಕೋನು ಕೂರಿಸಿದರೆ ಅದು ಕುಡಿಯುವುದು ಎಂಜಿನ್ನಿನ ಬಿಸಿ ಗಾಳಿಯನ್ನೇ. ಹೆಚ್ಚಾಗುವುದು ಸದ್ದು. ಮೂಲ ಡಬ್ಬಿಗೆ ಸದ್ದು ನುಂಗುವ ಕೆಲಸವೂ ಇರುತ್ತದೆ. ಅದು ಹೋದಾಗ ಗಾಡಿ ಗುರ್ ಅನ್ನುತ್ತದೆ, ಕಿವಿ ಅದನ್ನೇ ಪಿಕಪ್ ಎಂದು ನಂಬುತ್ತದೆ.

ನಮ್ಮ ಹುಡುಗ ಬಿಸಿ ಗಾಳಿ ತಪ್ಪಿಸಲು ಪೈಪನ್ನು ಕೆಳಗಿಳಿಸಿ, ಕೋನನ್ನು ಬಂಪರ್ ಹಿಂದೆ, ಚಕ್ರದ ಪಕ್ಕ ಕೂರಿಸಿದ್ದ. ವಿಡಿಯೋದಲ್ಲಿ ಹಾಗೇ ಇತ್ತಂತೆ. ಅದು ಮಳೆ ಅಪರೂಪದ ಊರಿನ ವಿಡಿಯೋ ಇರಬೇಕು. ಆಗಸ್ಟಿನ ಒಂದು ರಾತ್ರಿ ರೈಲ್ವೆ ಕೆಳಸೇತುವೆಯಲ್ಲಿ ಮೊಣಕಾಲುದ್ದ ನೀರು. ಗಾಳಿಯ ಬದಲು ನೀರು ಒಳಗೆ ಹೋಯಿತು. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಹುದು, ನೀರು ಕುಗ್ಗುವುದಿಲ್ಲ. ಒಂದು ಕನೆಕ್ಟಿಂಗ್ ರಾಡ್ ಬಾಗಿ ಗಾಡಿ ಅಲ್ಲೇ ನಿಂತಿತು.

ಎಂಜಿನ್ ಬಿಚ್ಚಿಸಲು ಎರಡು ತಿಂಗಳ ಬಾಡಿಗೆ ದುಡ್ಡು ಹೋಯಿತು. ಬೋರು ನೋಡಿದ ಮೇಸ್ತ್ರಿ ಬೆರಳಿಗೆ ಹತ್ತಿದ ಸಣ್ಣ ಮಣ್ಣನ್ನೂ ತೋರಿಸಿದರು. ಹತ್ತಿ ಫಿಲ್ಟರಿಗೆ ತೊಳೆದ ಮೇಲೆ ಎಣ್ಣೆ ಹಚ್ಚಬೇಕಿತ್ತು, ಇವನು ಬರೀ ತೊಳೆದು ಹಾಕಿದ್ದ. "ಹಳೇ ಡಬ್ಬಿ ಇಟ್ಟಿದೀಯೇನಪ್ಪಾ?" ಅಂತ ಮೇಸ್ತ್ರಿ ಕೇಳಿದರು.

ಪುಣ್ಯಕ್ಕೆ ಇತ್ತು. ಚಿಕ್ಕಮ್ಮ ಅದನ್ನು ಗುಜರಿಗೆ ಹಾಕದೆ ಅದರಲ್ಲಿ ಅವರೆ ಬೀಜ ತುಂಬಿಟ್ಟಿದ್ದರು. ಬೀಜ ಸುರಿದು, ಒರೆಸಿ, 300 ರೂಪಾಯಿಯ ಕಾಗದದ ಫಿಲ್ಟರ್ ಹಾಕಿ, ಅವನೇ ಮನೆ ಮುಂದೆ ಕೂತು ಕ್ಲಿಪ್ ಬಿಗಿದ. ಅರ್ಧ ಗಂಟೆಯ ಕೆಲಸ.