ಬ್ಯಾನಿ, ದವಾಖಾನಿ

ಇಂಡೊನೇಷಿಯಾದವರು ಆಸ್ಪತ್ರೆಗೆ ‘ರುಮಾ ಸಾಕಿತ್’ ಎನ್ನುತ್ತಾರೆ. ರುಮಾ ಎಂದರೆ ಮನೆ. ಸಾಕಿತ್ ಎಂದರೆ ಕಾಯಿಲೆಯೂ ಹೌದು, ನೋವೂ ಹೌದು. ತಲೆನೋವು ಅವರಿಗೆ ‘ಸಾಕಿತ್ ಕೆಪಾಲಾ’.

ತೆಲಂಗಾಣದ ರಾಯಿಕೋಡ್ ಸೀಮೆಯ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರಲ್ಲಿ ‘ಬ್ಯಾನಿ’ ಇದೆ. ಸಂಸ್ಕೃತದ ವೇದನೆ ಕನ್ನಡದಲ್ಲಿ ಬೇನೆಯಾಗಿ, ಈ ಕಡೆ ಬ್ಯಾನಿಯಾಗಿದೆ. ತಲಿಬ್ಯಾನಿ, ಹೊಟ್ಟಿಬ್ಯಾನಿ ಎಂದರೆ ನೋವು. ‘ದೊಡ್ಡ ಬ್ಯಾನಿ ಅದ’ ಎಂದರೆ ರೋಗ. ‘ಸೊಸಿ ಬ್ಯಾನಿ ತಿನ್ಲತ್ತಾಳ’ ಎಂದರೆ ಹೆರಿಗೆ ಸಮೀಪಿಸಿದೆ, ಗಾಡಿ ತರಿಸಬೇಕು. ಹೊರಗಿನಿಂದ ಬಂದ ಡಾಕ್ಟರು ಈ ಮೂರನ್ನೂ ಬೇರ್ಪಡಿಸಿ ಕೇಳಿಸಿಕೊಳ್ಳಬೇಕು.

ಬ್ಯಾನಿಯ ಹೆಸರನ್ನು ನಾವು ಮನೆಗೆ ಇಡಲಿಲ್ಲ. ಇರಾನಿನಲ್ಲಿ ಆಸ್ಪತ್ರೆ ‘ಬೀಮಾರಿಸ್ತಾನ್’, ರೋಗಿಗಳ ತಾಣ. ಇಲ್ಲಿ ದವಾಖಾನಿ: ಅರಬ್ಬಿಯ ದವಾ, ಫಾರಸಿಯ ಖಾನಾ, ಕೂಡಿದರೆ ಮದ್ದಿನ ಮನೆ. ನೋವನ್ನು ಹೊತ್ತು ಹೋಗುವವರಿಗೆ ಬಾಗಿಲಲ್ಲೇ ಮದ್ದಿನ ಹೆಸರು ಸಿಗುವುದು ನನಗೆ ಬಹಳ ಇಷ್ಟ.

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದಿನ ಬಹುಭಾಗ, ಕಲಬುರಗಿ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು; ಈಗ ತೆಲಂಗಾಣದಲ್ಲಿವೆ. ಗೆರೆ ಬಿತ್ತು, ದವಾಖಾನಿ ಮಾತ್ರ ಎರಡೂ ಕಡೆ ಉಳಿಯಿತು. ಕನ್ನಡದವರು ‘ದವಾಖಾನಿಗಿ’ ಹೋಗುತ್ತಾರೆ, ತೆಲುಗಿನವರು ‘ದವಾಖಾನಕು’, ದಖನಿಯವರು ‘ದವಾಖಾನೆ ಕೊ’. ವಿಭಕ್ತಿ ಮೂರು, ಸಾಲು ಒಂದೇ. ‘ಅತ್ತಿಗಿ ದವಾಖಾನಿಗಿ ಹಾಕ್ಯಾರ’ ಎಂದರೆ ಅಡ್ಮಿಟ್ ಮಾಡಿದ್ದಾರೆ ಎಂದು ಪಕ್ಕದ ಮನೆಯ ತೆಲುಗಿನವರಿಗೂ ತಿಳಿಯುತ್ತದೆ. ಎತ್ತು ಮೇವು ಬಿಟ್ಟರೆ ದನದ ದವಾಖಾನಿ.

ತೆಲಂಗಾಣ ಸರ್ಕಾರ ಈ ಮಾತಿಗೆ ನಾಚಲಿಲ್ಲ. 2018ರಲ್ಲಿ ಹೈದರಾಬಾದಿನ ಓಣಿಗಳಲ್ಲಿ ತೆರೆದ ಚಿಕಿತ್ಸಾ ಕೇಂದ್ರಗಳಿಗೆ ‘ಬಸ್ತಿ ದವಾಖಾನಾ’ ಎಂದೇ ಹೆಸರಿಟ್ಟಿತು; ಆಮೇಲೆ ಹಳ್ಳಿಗಳಿಗೆ ‘ಪಲ್ಲೆ ದವಾಖಾನಾ’ ಬಂತು. ಕನ್ನಡದಲ್ಲಿ ಬರೆಯುವವರು ಮಾತ್ರ ಇದನ್ನು ಅಳಿಸಿ ‘ಚಿಕಿತ್ಸಾಲಯ’ ಎಂದು ತಿದ್ದುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಆಸ್ಪತ್ರೆಯೂ ಯುರೋಪಿನಿಂದ ಬಂದದ್ದೇ ಅಲ್ಲವೇ?

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಸರಕಾರಿ ದವಾಖಾನಿಗಳಲ್ಲಿ ಚೀಟಿ ಬರೆಯುವ ಕಡೆ ಕನ್ನಡ ಬಲ್ಲವರೊಬ್ಬರು ಕೂತಿರಲಿ. ಮುದುಕಿ ‘ಯಪ್ಪಾ, ಬ್ಯಾನಿ’ ಎಂದರೆ, ‘ಎಲ್ಲಿ ಬ್ಯಾನಿ, ಯವ್ವಾ?’ ಎಂದು ಕೇಳುವಷ್ಟು ಕನ್ನಡ ಬಂದರೆ ಸಾಕು.