ನೆರಳು ಮನೆಯೊಳಗೆ ಬಂದ ಬಗೆ

ಹಳೇ ಬೆಂಗಳೂರಿನಲ್ಲಿ ಕಿಟಕಿಯ ಬಿಸಿಲನ್ನು ಹೊರಗೇ ತಡೆಯುತ್ತಿದ್ದರು. ಬಂಗಲೆಗಳ ಕಿಟಕಿಯ ನೆತ್ತಿಗೆ ಮರದ ಪಟ್ಟಿಗಳ ಚೂಪು ಟೋಪಿ, ಅದೇ ಮಂಕಿ ಟಾಪ್. ವರಾಂಡಕ್ಕೆ ಬಿದಿರುಕಡ್ಡಿಯ ಪರದೆ. ಬೇಸಿಗೆಯಲ್ಲಿ ಉಳ್ಳವರ ಮನೆ ಬಾಗಿಲಿಗೆ ಲಾವಂಚದ ತಟ್ಟಿ, ಅದಕ್ಕೆ ನೀರು ಚಿಮುಕಿಸಲು ಒಬ್ಬ ಆಳು. ನಾನು ಈಗಿರುವ ಕಾಡುಗೋಡಿಯ ಪಕ್ಕದ ವೈಟ್‌ಫೀಲ್ಡ್ ಹುಟ್ಟಿದ್ದೂ ಆ ಕಾಲದಲ್ಲೇ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗೂ ಬಂತು. ಅಲ್ಲಿನ ಇನ್ನರ್ ಸರ್ಕಲ್‌ನಲ್ಲಿ ಅಳಿದುಳಿದ ಹೆಂಚಿನ ಮನೆಗಳ ಮುಂದೆ ನಿಂತರೆ ಗೊತ್ತಾಗುತ್ತದೆ: ಸೂರು ಇಳಿಬಿದ್ದು, ವರಾಂಡ ದಾಟಿ, ಆಮೇಲೆ ಕಿಟಕಿ. ಅಷ್ಟು ದೂರ ಬರುವಷ್ಟರಲ್ಲಿ ಬಿಸಿಲಿಗೇ ಸುಸ್ತು. ಅಂಥ ಮನೆಯಲ್ಲಿ ಬಟ್ಟೆಗೆ ಹೆಚ್ಚು ಕೆಲಸವಿರಲಿಲ್ಲ.

ನಾನು ಬೆಳೆದದ್ದು ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಜಾಲಹಳ್ಳಿಯ ಎಚ್‌ಎಂಟಿ ಕ್ವಾರ್ಟರ್ಸಿನಲ್ಲಿ. ಎಚ್‌ಎಂಟಿ ಬಂದದ್ದು 1953ರಲ್ಲಿ, ಅಪ್ಪ ದುಡಿದ ವಾಚ್ ಫ್ಯಾಕ್ಟರಿ 1961ರಲ್ಲಿ. ಕ್ವಾರ್ಟರ್ಸಿನ ಕಿಟಕಿಗೆ ಸಜ್ಜೆ ಇತ್ತು, ಮರದ ಬಾಗಿಲಿತ್ತು, ಬಿಸಿಲಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ದಾರಿಹೋಕರ ಕಣ್ಣಿನದು. ಅದಕ್ಕೇ ಅರ್ಧ ಪರದೆ. ಕಿಟಕಿಯ ನಡುಮಟ್ಟಕ್ಕೆ ಎರಡು ಮೊಳೆ, ನಡುವೆ ಬಿಗಿದ ಸ್ಪ್ರಿಂಗ್ ವೈರ್, ಅದರಲ್ಲಿ ಅಮ್ಮನ ಹಳೇ ವಾಯಿಲ್ ಸೀರೆಯ ತುಂಡು. ಕೆಳಗರ್ಧ ಮಾನಕ್ಕೆ, ಮೇಲರ್ಧ ಬೆಳಕಿಗೆ. ಸೀರೆ ಒಗೆದೂ ಒಗೆದೂ ಮೆದುವಾಗಿರುತ್ತಿತ್ತು, ಗಾಳಿಗೆ ಹಾರಾಡುತ್ತಿತ್ತು. ಕಾಸು ಕೊಟ್ಟು ಪರದೆ ಬಟ್ಟೆ ತಂದವರನ್ನು ಆ ಬೀದಿಯಲ್ಲಿ ನಾನಂತೂ ಕಂಡಿಲ್ಲ.

ದೊಡ್ಡವಳಾದ ಮೇಲೆ ಪಕ್ಕದ ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಹೊಲಿಗೆ: ನಾನು ಕಾಲರ್, ಪಕ್ಕದವಳು ಕಫ್. ಪೂರ್ತಿ ಷರಟು ಹೊಲಿದವರು ಇಡೀ ಲೈನಿನಲ್ಲಿ ಯಾರೂ ಇರಲಿಲ್ಲ. ಆದರೆ ಚೆಕ್ಸ್ ಬಟ್ಟೆಯಲ್ಲಿ ಒಂದು ಗೆರೆ ಅತ್ತಿತ್ತ ಹೋದರೂ ಚೆಕಿಂಗ್ ಟೇಬಲ್ಲಿನಿಂದ ಪೀಸ್ ವಾಪಸ್ ಬರುತ್ತಿತ್ತು. ಬಟ್ಟೆಯ ಎಳೆ ಯಾವ ಕಡೆ ಓಡುತ್ತಿದೆ ಅಂತ ಕಣ್ಣಳತೆಯಲ್ಲೇ ಹೇಳುವುದು ನನಗೆ ಬಂದದ್ದು ಹಾಗೆ. ಇವತ್ತು ಕಿಟಕಿಗೆ ಬ್ಲೈಂಡ್ ಹೊಲಿಯುವ ನನಗೆ ಅನ್ನ ಹಾಕುತ್ತಿರುವುದು ಅದೇ.

ಮದುವೆಯಾಗಿ ಈ ಕಡೆ ಬಂದಾಗ ಭಾರತ, ಸಿಂಗಪುರ ಕೂಡಿ ಕಟ್ಟಿದ ಐಟಿಪಿಎಲ್ ಟೆಕ್ ಪಾರ್ಕ್ ಆಗಲೇ ಎದ್ದು ನಿಂತಿತ್ತು. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1970ರ ದಶಕದಲ್ಲೇ ಕನಸು ಕಂಡ ಎಲೆಕ್ಟ್ರಾನಿಕ್ ಸಿಟಿಯೂ ತುಂಬಿತ್ತು. ಇಂಥ ಕಡೆ ದುಡಿಯುವವರಿಗೆಂದು ಅಪಾರ್ಟ್‌ಮೆಂಟುಗಳು ಬಂದವು. ಸಜ್ಜೆ ಗೇಣುದ್ದಕ್ಕೆ ಇಳಿಯಿತು, ಗಾಜು ಗೋಡೆಯಗಲ ಬೆಳೆಯಿತು. ಕಿಟಕಿಗೆ ಒತ್ತಿಕೊಂಡೇ ಮಂಚ, ಮಗುವಿನ ಓದುವ ಮೇಜು. ನೆಲದವರೆಗಿನ ಕರ್ಟನ್ ಅಲ್ಲಿ ಇಳಿಯುವುದು ಎಲ್ಲಿಗೆ? ನೆರಿಗೆ ಕರ್ಟನ್ನಿಗೆ ಕಿಟಕಿಯ ಅಗಲದ ಎರಡು, ಎರಡೂವರೆಪಟ್ಟು ಬಟ್ಟೆ ಬೇಕು. ಚೌಕಟ್ಟಿನೊಳಗೇ ಕೂತು, ಎತ್ತಿದರೆ ಮಡಿಕೆ ಮಡಿಕೆಯಾಗಿ ಮೇಲೇರುವ ರೋಮನ್ ಬ್ಲೈಂಡಿಗೆ ಕಿಟಕಿಯಷ್ಟೇ, ಮೇಲೆ ಒಂದಿಷ್ಟು ಮಡಿಕೆಗೆ. ಅದು ಇಲ್ಲಿ ಕಾಲೂರಿದ್ದು ಅಂದಕ್ಕಿಂತ ಹೆಚ್ಚಾಗಿ ಈ ಲೆಕ್ಕದಿಂದ ಅಂತ ನನ್ನ ಅನಿಸಿಕೆ.

ಹೊಲಿಯುವುದರಲ್ಲಿ ಗುಟ್ಟೇನಿಲ್ಲ, ಹಟ ಬೇಕು. ನಾಲ್ಕಡಿ ಅಗಲದ ಕಿಟಕಿ ಅಂದುಕೊಳ್ಳಿ. ಬ್ಲೈಂಡ್ ಸಿದ್ಧವಾದಾಗ ಅದಕ್ಕಿಂತ ಅರ್ಧ ಇಂಚು ಕಡಿಮೆ ಇರಬೇಕು, ಇಲ್ಲದಿದ್ದರೆ ಚೌಕಟ್ಟಿಗೆ ಉಜ್ಜುತ್ತದೆ. 54 ಇಂಚು ಪನ್ನದ ಫರ್ನಿಷಿಂಗ್ ಬಟ್ಟೆ ತಂದರೆ ಅಂಚು ಮಡಿಸಿಯೂ ಒಂದೇ ತುಂಡಿನಲ್ಲಿ ಮುಗಿಯುತ್ತದೆ. ಚಿಕ್ಕ ಪನ್ನ ತಂದು ಜೋಡಿಸಿದರೆ ಬೆಳಗಿನ ಬೆಳಕಿನಲ್ಲಿ ಆ ಜೋಡಣೆ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಹತ್ತಿ ಬಟ್ಟೆಯಾದರೆ ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಹಿಡಿಯುವುದು. ನೇರ ಸಿಗಲು ಅಂಚಿಗೆ ಸಣ್ಣ ಕಚ್ಚು ಕೊಟ್ಟು ಒಂದು ಎಳೆ ಹಿಡಿದು ಎಳೆಯುತ್ತೇನೆ. ಎಳೆ ಹೋದ ಜಾಡು ಬಟ್ಟೆಯ ಈ ಅಂಚಿನಿಂದ ಆ ಅಂಚಿನವರೆಗೆ ಕೂದಲಿನಷ್ಟು ತೆಳ್ಳಗೆ ತೋರುತ್ತದೆ, ಅದರ ಮೇಲೆಯೇ ಕತ್ತರಿ. ಹಿಂದೆ ಹತ್ತು ಹತ್ತು ಇಂಚಿಗೆ ಕಡ್ಡಿ ತೂರಿಸುವ ಪಟ್ಟಿ. ಕೆಳಗಿನ ಕಡೆಯ ಭಾಗ ಮಾತ್ರ ಅದರರ್ಧ, ಐದು ಇಂಚು, ಮೇಲೊಂದು ಇಂಚು, ಎತ್ತಿದಾಗ ಅಂಚು ಮಡಿಕೆಗಳ ಕೆಳಗೆ ಇಣುಕಲಿ ಅಂತ. ಪಟ್ಟಿಗಳ ಮೇಲೆ ಒಂದರ ನೇರಕ್ಕೆ ಒಂದು ರಿಂಗು, ಕೆಳಗಿನ ರಿಂಗಿಗೆ ಗಂಟು, ಮಿಕ್ಕವುಗಳಲ್ಲಿ ಹಾದು ಮೇಲೇರುವ ದಾರ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ದಾರ ಜೋತಾಡಲು ಬಿಡಬಾರದು, ಕುತ್ತಿಗೆಗೆ ಸಿಕ್ಕೀತು. ಸುತ್ತಿಡುವ ಕೊಕ್ಕೆ ಕೈಗೆಟುಕದ ಎತ್ತರದಲ್ಲೇ ಇರಲಿ.

ಬಟ್ಟೆ ಆರಿಸುವಾಗಲೇ ಜಗಳ. ಹೂಡಿಯ ಗಿರಾಕಿಯೊಬ್ಬರು ದಪ್ಪ ವೆಲ್ವೆಟ್ ತಂದಿದ್ದರು.

“ಅಕ್ಕಾ, ಇದು ರಿಚ್ಚಾಗಿ ಕಾಣುತ್ತೆ ಅಲ್ವಾ?”

“ಕಾಣುತ್ತೆ ಮೇಡಂ, ಆದರೆ ಎತ್ತಿದರೆ ಕಿಟಕಿ ಮೇಲೆ ಹಾಸಿಗೆ ಸುರುಳಿ ಇಟ್ಟ ಹಾಗಾಗುತ್ತೆ. ಅಂಗಡೀಲಿ ಮೇಜಿನ ಮೇಲೆ ಹರಡಿ ನೋಡಬೇಡಿ, ಎತ್ತಿ ಬಾಗಿಲ ಬೆಳಕಿಗೆ ಹಿಡಿದು ನೋಡಿ.”

ಇನ್ನು ರೇಷ್ಮೆ. ದೊಡ್ಡಬಳ್ಳಾಪುರದಲ್ಲಿ 1980ರ ದಶಕದಲ್ಲಿ ಶುರುವಾದ ಹಿಮತ್‌ಸಿಂಗ್ಕಾ ಮಿಲ್ಲು ಪರದೆಗೆಂದೇ ರೇಷ್ಮೆ ನೇಯ್ದು ಹೊರದೇಶಕ್ಕೆ ಕಳಿಸಿತು. ಆದರೆ ಲೈನಿಂಗ್ ಇಲ್ಲದ ರೇಷ್ಮೆ ನಮ್ಮ ಬಿಸಿಲಿಗೆ ಮಾಸಿ, ಮಡಿಕೆಯಲ್ಲೇ ಪಿಸಿಯುತ್ತದೆ. ನನ್ನ ಮತ ಒತ್ತಾಗಿ ನೇಯ್ದ ನಡುದಪ್ಪದ ಹತ್ತಿಗೆ. ಗೆರೆ ಬೇಕಿದ್ದರೆ ಉದ್ದಗೆರೆ. ಅಡ್ಡಗೆರೆ ಮಡಿಕೆಯೊಡನೆ ಸರಿ ಕೂರದಿದ್ದರೆ ಒಳ್ಳೇ ಹೊಲಿಗೆಯೂ ಸೊಟ್ಟಗೆ ಕಾಣುತ್ತದೆ.

ಪಡುವಣದ ಕಿಟಕಿಗೆ ಮಾತ್ರ ಬ್ಲೈಂಡ್ ಒಂದೇ ಸಾಲದು. ಬಿಸಿಲು ಗಾಜು ದಾಟಿ ಬಂದು ಬಟ್ಟೆಗೆ ಬಡಿದಾಗ ಕಣ್ಣಿಗೆ ತಂಪು, ಆದರೆ ಕಾವು ಕೋಣೆಯೊಳಗೇ. ಬಾಲ್ಕನಿಯ ಹೊರಗೆ ಬಿದಿರಿನ ಪರದೆ ಇಳಿಬಿಡಿ ಅಂತ ಹೇಳಿ ನೋಡಿದ್ದೇನೆ. ಅಸೋಸಿಯೇಷನ್ನವರು ಬಿಡುವುದಿಲ್ಲ ಅಂತಾರೆ: ಕಟ್ಟಡದ ಮುಖ ಒಂದೇ ತೆರ ಇರಬೇಕಂತೆ, ಹೊರಗೆ ಏನೂ ನೇತಾಡಬಾರದಂತೆ. ಕೆಲವು ಕಡೆ ಇನ್ನೊಂದು ನಿಯಮವಿದೆ, ಗಾಜಿನಾಚೆಗೆ ಬ್ಲೈಂಡಿನ ಬೆನ್ನು ಬಿಳಿಯಾಗಿಯೇ ಕಾಣಬೇಕು. ಅವರು ಮಾಡಿದ್ದು ಅಂದಕ್ಕೆ. ಬಿಸಿಲಿನ ಒಂದು ಪಾಲನ್ನಾದರೂ ಗಾಜಿನಾಚೆಗೆ ವಾಪಸ್ ಕಳಿಸುವುದು ಬಿಳಿ ಲೈನಿಂಗೇ ಆದ್ದರಿಂದ, ಆ ನಿಯಮಕ್ಕೆ ನನ್ನ ತಕರಾರಿಲ್ಲ.