ವೀಸಾ ರನ್ (ಥಾಯ್ಲೆಂಡ್)

ವೀಸಾ ರನ್ ಎಂಬುದು ಒಂದು ದೇಶದಲ್ಲಿ ತಂಗಿರುವ ವಿದೇಶಿಯರು ತಮ್ಮ ವಾಸದ ಅವಧಿ ಮುಗಿಯುವ ಮುನ್ನ ನೆರೆಯ ದೇಶಕ್ಕೆ ಹೋಗಿ, ಹೊಸ ಅವಧಿಯನ್ನು ಪಡೆದು ಹಿಂದಿರುಗುವ ಕಿರುಪ್ರಯಾಣವಾಗಿದೆ. ಆಗ್ನೇಯ ಏಷ್ಯಾದ ಹಲವು ದೇಶಗಳಲ್ಲಿ ಈ ರೂಢಿಯಿದ್ದರೂ ಥಾಯ್ಲೆಂಡಿನಿಂದ ಲಾವೋಸ್ ಮತ್ತು ಮಲೇಷ್ಯಾಗಳಿಗೆ ಹೋಗಿಬರುವ ಪ್ರಯಾಣಗಳು ಹೆಚ್ಚು ಪ್ರಸಿದ್ಧವಾಗಿವೆ. ದೀರ್ಘಕಾಲದ ಪ್ರವಾಸಿಗರು, ದೂರದಿಂದಲೇ ಕೆಲಸ ಮಾಡುವವರು ಹಾಗೂ ಅಲ್ಲಿ ಕುಟುಂಬ ಹೊಂದಿರುವ ವಿದೇಶಿಯರು ಇದನ್ನು ಅವಲಂಬಿಸಿದ್ದಾರೆ. ಕಡಿಮೆ ಖರ್ಚಿನಲ್ಲಿ ಈ ಪ್ರಯಾಣವನ್ನು ಮುಗಿಸಲು ಸಾರಿಗೆ ಮತ್ತು ವಸತಿಯ ದರಗಳನ್ನು ಮಾತ್ರ ನೋಡಿದರೆ ಸಾಲದು. ವಲಸೆ ನಿಯಮ, ಕಚೇರಿಗಳ ರಜಾದಿನ ಹಾಗೂ ಮರುಪ್ರವೇಶದ ಅನಿಶ್ಚಿತತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಪರಿಭಾಷೆ

ಬಳಕೆಯಲ್ಲಿ ಎರಡು ಬಗೆಯ ಪ್ರಯಾಣಗಳಿಗೆ ಈ ಹೆಸರು ಸಲ್ಲುತ್ತದೆ. ಮೊದಲನೆಯದು ಬಾರ್ಡರ್ ರನ್. ಇದರಲ್ಲಿ ಪ್ರಯಾಣಿಕರು ಗಡಿಯನ್ನು ದಾಟಿ, ಅದೇ ದಿನ ಅಥವಾ ಮರುದಿನ ಹಿಂದಿರುಗಿ, ವೀಸಾ ವಿನಾಯಿತಿಯ ಅಡಿಯಲ್ಲಿ ಪಾಸ್‌ಪೋರ್ಟಿಗೆ ಹೊಸ ಪ್ರವೇಶಮುದ್ರೆ ಹಾಕಿಸಿಕೊಳ್ಳುತ್ತಾರೆ. ಎರಡನೆಯದು ನಿಜಾರ್ಥದ ವೀಸಾ ರನ್. ಇದರಲ್ಲಿ ನೆರೆಯ ದೇಶದಲ್ಲಿರುವ ಥಾಯ್ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿಗೆ ಅರ್ಜಿ ಸಲ್ಲಿಸಿ, ಹೊಸ ವೀಸಾ ಪಡೆದು ಮರಳಲಾಗುತ್ತದೆ. ಮೊದಲನೆಯದಕ್ಕೆ ಕೆಲವು ಗಂಟೆಗಳು ಸಾಕಾಗಬಹುದು. ಎರಡನೆಯದಕ್ಕೆ ಕನಿಷ್ಠ ಒಂದು ರಾತ್ರಿಯ, ಹಲವು ಸಲ ಅದಕ್ಕಿಂತ ಹೆಚ್ಚಿನ ವಾಸ ಬೇಕಾಗುತ್ತದೆ. ಆದ್ದರಿಂದ ವಸತಿಯ ಪ್ರಶ್ನೆಯು ಮುಖ್ಯವಾಗಿ ಎರಡನೆಯ ಬಗೆಗೆ ಸಂಬಂಧಿಸಿದೆ.

ನಿಯಮಗಳ ಬೆಳವಣಿಗೆ

2006ಕ್ಕೆ ಮೊದಲು ವೀಸಾ ವಿನಾಯಿತಿಯುಳ್ಳ ದೇಶಗಳ ಪ್ರಜೆಗಳು 30 ದಿನಗಳ ಅವಧಿಯನ್ನು ಗಡಿ ದಾಟಿ ಮತ್ತೆ ಮತ್ತೆ ನವೀಕರಿಸಿಕೊಳ್ಳುವುದು ಸಾಮಾನ್ಯವಾಗಿತ್ತು. ಆ ವರ್ಷದ ಅಕ್ಟೋಬರ್ 1ರಿಂದ ಆರು ತಿಂಗಳಲ್ಲಿ ಒಟ್ಟು 90 ದಿನಗಳ ಮಿತಿಯನ್ನು ವಿಧಿಸಲಾಯಿತು. 2008ರ ನವೆಂಬರ್‌ನಲ್ಲಿ, ಭೂಗಡಿಯ ಮೂಲಕ ವೀಸಾ ಇಲ್ಲದೆ ಬರುವವರ ಅವಧಿಯನ್ನು 30 ದಿನಗಳಿಂದ 15 ದಿನಗಳಿಗೆ ಇಳಿಸಲಾಯಿತು. 2014ರಲ್ಲಿ, ಹೊರಹೋಗಿ ತಕ್ಷಣ ಒಳಬರುವವರ ವಿರುದ್ಧ ವಲಸೆ ವಿಭಾಗವು ಕಟ್ಟುನಿಟ್ಟಿನ ಕ್ರಮ ಕೈಗೊಂಡಿತು. 2015ರ ನವೆಂಬರ್‌ನಲ್ಲಿ ಬಹುಪ್ರವೇಶದ ಪ್ರವಾಸಿ ವೀಸಾ ಜಾರಿಗೆ ಬಂದಿತು. ಆರು ತಿಂಗಳ ಮಾನ್ಯತೆಯ ಈ ವೀಸಾದ ಶುಲ್ಕ 5,000 ಬಹ್ತ್ ಆಗಿದ್ದು, ಪ್ರತಿ ಪ್ರವೇಶಕ್ಕೆ 60 ದಿನಗಳ ವಾಸ ದೊರೆಯುತ್ತಿತ್ತು. 2016ರ ಕೊನೆಯಲ್ಲಿ, ಭೂಗಡಿಯ ಮೂಲಕ ವೀಸಾ ಇಲ್ಲದೆ ಪ್ರವೇಶಿಸುವುದನ್ನು ಒಂದು ಕ್ಯಾಲೆಂಡರ್ ವರ್ಷಕ್ಕೆ ಎರಡು ಬಾರಿಗೆ ಸೀಮಿತಗೊಳಿಸಲಾಯಿತು.

2024ರ ಜುಲೈ 15ರಂದು 93 ದೇಶ ಮತ್ತು ಪ್ರದೇಶಗಳ ಪ್ರಜೆಗಳಿಗೆ 60 ದಿನಗಳ ವೀಸಾ ವಿನಾಯಿತಿಯನ್ನು ನೀಡಲಾಯಿತು. ಇದರೊಂದಿಗೆ, ದೂರದಿಂದ ಕೆಲಸ ಮಾಡುವವರನ್ನೂ ಒಳಗೊಂಡ ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ ಆರಂಭವಾಯಿತು. ಇದು ಐದು ವರ್ಷಗಳ ಮಾನ್ಯತೆಯುಳ್ಳದ್ದಾಗಿದ್ದು, ಪ್ರತಿ ಪ್ರವೇಶಕ್ಕೆ 180 ದಿನಗಳ ವಾಸವನ್ನು ನೀಡುತ್ತದೆ. ಈ ಉದಾರ ಕ್ರಮಗಳಿಂದ ಅಲ್ಪಾವಧಿ ಪ್ರವಾಸಿಗರಿಗೆ ವೀಸಾ ರನ್‌ನ ಅಗತ್ಯ ಕಡಿಮೆಯಾಯಿತು. ಆದರೆ 2025ರ ನವೆಂಬರ್‌ನಲ್ಲಿ, ಪದೇಪದೇ ಹೊರಹೋಗಿ ಒಳಬರುವವರಿಗೆ ಪ್ರವೇಶ ನಿರಾಕರಿಸುವ ಕ್ರಮವನ್ನು ವಲಸೆ ವಿಭಾಗವು ಮತ್ತೆ ಬಿಗಿಗೊಳಿಸಿತು. ಹೀಗೆ ನಿಯಮಗಳು ಸಡಿಲಗೊಂಡು ಪುನಃ ಬಿಗಿಯಾಗುತ್ತ ಬಂದಿರುವುದರಿಂದ, ಪ್ರತಿ ಪ್ರಯಾಣಕ್ಕೂ ಮೊದಲು ಅಧಿಕೃತ ಮಾಹಿತಿಯನ್ನು ಹೊಸದಾಗಿ ಪರಿಶೀಲಿಸುವುದು ಅಗತ್ಯವಾಗಿದೆ.

ದಿನಗಳ ಎಣಿಕೆ

ಥಾಯ್ಲೆಂಡಿನಲ್ಲಿ ಆಗಮನದ ದಿನವನ್ನೇ ಮೊದಲ ದಿನವೆಂದು ಪರಿಗಣಿಸಲಾಗುತ್ತದೆ. ಅರವತ್ತು ದಿನಗಳೆಂದರೆ ಎರಡು ತಿಂಗಳು ಎಂದು ಭಾವಿಸುವುದು ಸರಿಯಲ್ಲ. ಉದಾಹರಣೆಗೆ, ಜುಲೈ 1ರಂದು 60 ದಿನಗಳ ಅವಧಿಗೆ ಪ್ರವೇಶಿಸಿದವರ ಕೊನೆಯ ದಿನ ಆಗಸ್ಟ್ 29 ಆಗುತ್ತದೆಯೇ ಹೊರತು ಆಗಸ್ಟ್ 31 ಅಲ್ಲ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಹ್ತ್‌ನಂತೆ ಗರಿಷ್ಠ 20,000 ಬಹ್ತ್ ದಂಡವಿದೆ. 2016ರ ಮಾರ್ಚ್‌ನಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, 90 ದಿನಗಳಿಗಿಂತ ಹೆಚ್ಚು ಕಾಲ ಮೀರಿದವರು ತಾವಾಗಿಯೇ ಹೊರಟರೂ ಒಂದು ವರ್ಷ ಮರುಪ್ರವೇಶ ನಿಷೇಧಕ್ಕೆ ಒಳಗಾಗುತ್ತಾರೆ. ಒಂದು ವರ್ಷಕ್ಕಿಂತ ಕಡಿಮೆ ಅವಧಿ ಮೀರಿದ್ದರೂ, ಬಂಧನಕ್ಕೊಳಗಾದರೆ ನಿಷೇಧವು ಐದು ವರ್ಷಗಳದ್ದಾಗಿರುತ್ತದೆ.

ಪ್ರಮುಖ ಮಾರ್ಗಗಳು

ವಿಯೆಂಟಿಯಾನ್: ಲಾವೋಸಿನ ರಾಜಧಾನಿಯಾದ ವಿಯೆಂಟಿಯಾನ್ ಬಹುಕಾಲದಿಂದ ಈ ಪ್ರಯಾಣದ ಪ್ರಮುಖ ಗುರಿಯಾಗಿದೆ. ಬ್ಯಾಂಕಾಕಿನಿಂದ 600 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ ನೋಂಗ್ ಖಾಯ್‌ವರೆಗೆ ರಾತ್ರಿ ರೈಲುಗಳಿವೆ. ಅಲ್ಲಿ ಮೆಕಾಂಗ್ ನದಿಗೆ ಅಡ್ಡಲಾಗಿರುವ ಮೊದಲ ಥಾಯ್–ಲಾವೋ ಮಿತ್ರತ್ವ ಸೇತುವೆಯು 1994ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಪ್ರಯಾಣಿಕರು ಸೇತುವೆಯನ್ನು ಬಸ್ಸಿನಲ್ಲಿ ದಾಟುತ್ತಾರೆ. ವಿಯೆಂಟಿಯಾನ್ ನಗರಕೇಂದ್ರ ಅಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿದೆ. 2024ರ ಜುಲೈನಿಂದ ಬ್ಯಾಂಕಾಕ್ ಮತ್ತು ವಿಯೆಂಟಿಯಾನ್ ನಡುವೆ ನೇರ ರೈಲು ಸಂಚಾರವೂ ಆರಂಭವಾಗಿದೆ. ಮಲಗುವ ಬರ್ತ್‌ನಲ್ಲಿ ರಾತ್ರಿ ಕಳೆಯುವುದರಿಂದ ಒಂದು ದಿನದ ವಸತಿಯ ವೆಚ್ಚ ಉಳಿಯುತ್ತದೆ. ಲಾವೋಸ್ ಪ್ರವೇಶಿಸಲು ವೀಸಾ ಬೇಕಾದ ದೇಶಗಳ ಪ್ರಜೆಗಳು ಸೇತುವೆಯ ಬಳಿ ಆಗಮನ ವೀಸಾ ಪಡೆಯಬಹುದು. ಇದಕ್ಕೆ ಭಾವಚಿತ್ರ ಹಾಗೂ ಡಾಲರ್ ನಗದು ಜೊತೆಗಿರುವುದು ಅನುಕೂಲ. ಲಾವೋ ನಾಣ್ಯವಾದ ಕಿಪ್ ಅನ್ನು ದೇಶದ ಹೊರಗೆ ಬದಲಾಯಿಸುವುದು ಕಷ್ಟವಾದ್ದರಿಂದ ಅದನ್ನು ಅಗತ್ಯವಿರುವಷ್ಟೇ ಪಡೆಯಲಾಗುತ್ತದೆ.

ಪೆನಾಂಗ್: ದಕ್ಷಿಣ ಥಾಯ್ಲೆಂಡಿನಲ್ಲಿರುವವರಿಗೆ ಮಲೇಷ್ಯಾದ ಪೆನಾಂಗ್ ದ್ವೀಪ ಹತ್ತಿರವಾಗಿದೆ. ಗಡಿಯ ಪಡಾಂಗ್ ಬೆಸಾರ್ ರೈಲು ನಿಲ್ದಾಣದಲ್ಲಿ ಎರಡೂ ದೇಶಗಳ ವಲಸೆ ತಪಾಸಣೆ ನಡೆಯುತ್ತದೆ. ಅಲ್ಲಿಂದ ಬಟರ್‌ವರ್ತ್‌ಗೆ ರೈಲು, ನಂತರ ಜಾರ್ಜ್ ಟೌನಿಗೆ ದೋಣಿ ಸೌಕರ್ಯವಿದೆ. ಮಲೇಷ್ಯಾದ ಗಡಿಯಾರವು ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದಿರುತ್ತದೆ. ಈ ವ್ಯತ್ಯಾಸವನ್ನು ಗಮನಿಸದವರು ರೈಲನ್ನೋ ಕಚೇರಿಯ ಸಮಯವನ್ನೋ ತಪ್ಪಿಸಿಕೊಳ್ಳುವ ಸಂಭವವಿದೆ. ಜಾರ್ಜ್ ಟೌನ್ ನಗರವು 2008ರಲ್ಲಿ ಮೆಲಾಕಾದೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿನ ಲೆಬು ಚುಲಿಯಾ ಹಾಗೂ ಲವ್ ಲೇನ್ ಬೀದಿಗಳು ಅಗ್ಗದ ವಸತಿಗೃಹಗಳಿಗೆ ಹೆಸರಾಗಿವೆ.

ಇತರ ಗಡಿಗಳು: ಮ್ಯಾನ್ಮಾರ್ ಕಡೆಗಿನ ಮೇ ಸಾಯ್ ಮತ್ತು ರಾನೋಂಗ್, ಕಾಂಬೋಡಿಯಾ ಕಡೆಗಿನ ಅರಣ್ಯಪ್ರಥೇಟ್ ಗಡಿಗಳು ಒಂದು ಕಾಲದಲ್ಲಿ ಒಂದೇ ದಿನದ ಪ್ರಯಾಣಗಳಿಗೆ ಪ್ರಸಿದ್ಧವಾಗಿದ್ದವು. ಕೋವಿಡ್ ಪಿಡುಗು ಹಾಗೂ 2021ರ ಸೇನಾಕ್ರಾಂತಿಯ ಬಳಿಕ ಮ್ಯಾನ್ಮಾರ್ ಗಡಿಯು ಅನಿಶ್ಚಿತವಾಯಿತು. 2025ರ ಜೂನ್‌ನಿಂದ ಥಾಯ್ಲೆಂಡ್ ಮತ್ತು ಕಾಂಬೋಡಿಯಾಗಳ ಗಡಿವಿವಾದ ಉಲ್ಬಣಿಸಿ ಭೂಗಡಿಗಳಲ್ಲಿ ಸಂಚಾರ ಸ್ಥಗಿತಗೊಂಡಿತು. ಜುಲೈನಲ್ಲಿ ಸಶಸ್ತ್ರ ಸಂಘರ್ಷವೂ ನಡೆಯಿತು. ಒಂದೇ ಗಡಿಯನ್ನು ನಂಬಿ ಕೊನೆಯ ದಿನ ಹೊರಡುವುದು ಎಷ್ಟು ಅಪಾಯಕರ ಎಂಬುದನ್ನು ಈ ಘಟನೆಗಳು ತೋರಿಸುತ್ತವೆ.

ವಸತಿ

ಆಗ್ನೇಯ ಏಷ್ಯಾದ ಅಗ್ಗದ ವಸತಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ: ಒಂದೇ ಕೋಣೆಯಲ್ಲಿ ಹಲವು ಹಾಸಿಗೆಗಳಿರುವ ಹಾಸ್ಟೆಲ್, ಫ್ಯಾನ್ ಮಾತ್ರವಿರುವ ಕೋಣೆಗಳ ಗೆಸ್ಟ್‌ಹೌಸ್, ಮತ್ತು ಹವಾನಿಯಂತ್ರಿತ ಸಣ್ಣ ಹೋಟೆಲ್. ಒಬ್ಬರೇ ಪ್ರಯಾಣಿಸುವವರಿಗೆ ಹಾಸ್ಟೆಲ್ ಅಗ್ಗ. ಇಬ್ಬರಿಗೆ ಎರಡು ಹಾಸಿಗೆಗಳ ಬಾಡಿಗೆಗಿಂತ ಗೆಸ್ಟ್‌ಹೌಸಿನ ಒಂದು ಕೋಣೆಯೇ ಕಡಿಮೆ ಬೀಳುವುದುಂಟು.

ವೀಸಾ ರನ್‌ನಲ್ಲಿ ವಸತಿಯ ಆಯ್ಕೆಯು ಸಾಮಾನ್ಯ ಪ್ರವಾಸಕ್ಕಿಂತ ಭಿನ್ನವಾದ ಅಂಶಗಳನ್ನು ಅವಲಂಬಿಸಿದೆ. ಹಿಂದೆ ಪಾಸ್‌ಪೋರ್ಟನ್ನು ಬೆಳಿಗ್ಗೆ ಥಾಯ್ ಕಚೇರಿಗೆ ಒಪ್ಪಿಸಿ, ಸಾಮಾನ್ಯವಾಗಿ ಮರುದಿನ ಮಧ್ಯಾಹ್ನ ಹಿಂಪಡೆಯಬೇಕಾಗಿತ್ತು. ಕೋಣೆ ಪಡೆಯಲು ಪಾಸ್‌ಪೋರ್ಟ್ ತೋರಿಸುವುದು ಕಡ್ಡಾಯವಾದ್ದರಿಂದ, ಮೊದಲು ಕೋಣೆ ಪಡೆದು ನಂತರ ಅರ್ಜಿ ಸಲ್ಲಿಸುವುದು ಅನುಭವಸ್ಥರ ಕ್ರಮವಾಗಿತ್ತು. 2025ರ ಜನವರಿ 1ರಿಂದ ಥಾಯ್ ಇ-ವೀಸಾ ವ್ಯವಸ್ಥೆಯನ್ನು ಎಲ್ಲ ರಾಯಭಾರ ಕಚೇರಿಗಳಿಗೂ ವಿಸ್ತರಿಸಲಾಯಿತು. ಅರ್ಜಿಯನ್ನು ಅಂತರ್ಜಾಲದಲ್ಲಿ ಸಲ್ಲಿಸಲಾಗುವುದಾದರೂ ಅರ್ಜಿದಾರರು ಆ ಕಚೇರಿಯ ವ್ಯಾಪ್ತಿಯಲ್ಲಿ ಇರಬೇಕಾಗುತ್ತದೆ. ಕೆಲವು ಕಚೇರಿಗಳು ಆ ದೇಶದ ಪ್ರಜೆಗಳು ಅಥವಾ ನಿವಾಸಿಗಳ ಅರ್ಜಿಗಳನ್ನು ಮಾತ್ರ ಸ್ವೀಕರಿಸುತ್ತವೆ. ಅನುಮತಿ ಬರುವವರೆಗೆ ಕಾಯಬೇಕಾದ್ದರಿಂದ, ಒಂದು ರಾತ್ರಿಯ ವಾಸ ಹಲವು ದಿನಗಳಿಗೆ ಬೆಳೆಯಬಹುದು. ಆದುದರಿಂದ ದಿನದಿಂದ ದಿನಕ್ಕೆ ವಿಸ್ತರಿಸಬಹುದಾದ, ರದ್ದುಪಡಿಸಿದರೆ ಹಣ ಮರಳುವ ಕೋಣೆಯು ಸ್ವಲ್ಪ ದುಬಾರಿಯಾದರೂ ಒಟ್ಟು ಲೆಕ್ಕದಲ್ಲಿ ಲಾಭಕರವಾಗಿರುತ್ತದೆ.

ಕೋಣೆಯನ್ನು ಒಪ್ಪಿಕೊಳ್ಳುವ ಮುನ್ನ ಸಾಮಾನ್ಯವಾಗಿ ಕೆಳಗಿನ ಅಂಶಗಳನ್ನು ಪರಿಶೀಲಿಸಲಾಗುತ್ತದೆ:

- ಕಿಟಕಿ ಮತ್ತು ಗಾಳಿ: ಜಾರ್ಜ್ ಟೌನಿನ ಹಳೆಯ ಅಂಗಡಿಮನೆಗಳಲ್ಲಿ ಮಾಡಿದ ಕೋಣೆಗಳಲ್ಲಿ ಹಲವಕ್ಕೆ ಕಿಟಕಿಗಳಿರುವುದಿಲ್ಲ.
- ಶುಚಿತ್ವ: ತಿಗಣೆಯ ಗುರುತುಗಳು ಹಾಸಿಗೆಯ ಹೊಲಿಗೆಯ ಅಂಚಿನಲ್ಲಿ ಸಣ್ಣ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಸೊಳ್ಳೆಯಿಂದ ಹರಡುವ ಡೆಂಗಿ ಈ ಪ್ರದೇಶದಲ್ಲಿ ವ್ಯಾಪಕವಾಗಿರುವುದರಿಂದ ಪರದೆ ಅಥವಾ ಜಾಲರಿ ಮುಖ್ಯ.
- ಸುರಕ್ಷತೆ: ಒಳಗಿನ ಚಿಲಕ, ಬೀಗವಿರುವ ಪೆಟ್ಟಿಗೆ, ಬೆಂಕಿ ಬಿದ್ದರೆ ಹೊರಬರಲು ಎರಡನೆಯ ದಾರಿ.
- ಪಾಸ್‌ಪೋರ್ಟ್: ಇದನ್ನು ಮುಂಗಡದ ಒತ್ತೆಯಾಗಿ ಬಿಡಬಾರದು. ಪ್ರತಿಯನ್ನು ಕೊಟ್ಟು, ಅಗತ್ಯವಾದರೆ ನಗದು ಠೇವಣಿ ಇಡಬಹುದು.
- ಒಟ್ಟು ದರ: ಮಲೇಷ್ಯಾದಲ್ಲಿ 2017ರ ಸೆಪ್ಟೆಂಬರ್‌ನಿಂದ ವಿದೇಶಿಯರಿಗೆ ಪ್ರತಿ ಕೋಣೆಗೆ, ಪ್ರತಿ ರಾತ್ರಿಗೆ 10 ರಿಂಗಿಟ್ ಪ್ರವಾಸಿ ತೆರಿಗೆಯಿದೆ. ಅಗ್ಗದ ಕೋಣೆಗಳಲ್ಲಿ ಇದು ಬಾಡಿಗೆಯ ಗಣನೀಯ ಭಾಗವಾಗುತ್ತದೆ.

ಥಾಯ್ಲೆಂಡಿಗೆ ಮರಳಿದ ಬಳಿಕವೂ ವಸತಿಯ ನಿಯಮಗಳು ಅನ್ವಯಿಸುತ್ತವೆ. 1979ರ ಥಾಯ್ ವಲಸೆ ಕಾಯ್ದೆಯ 38ನೆಯ ಕಲಮಿನ ಪ್ರಕಾರ, ವಿದೇಶಿಯರಿಗೆ ವಸತಿ ನೀಡಿದವರು 24 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಟಿಎಂ30 ಎಂಬ ಈ ವರದಿಯನ್ನು ಹೋಟೆಲುಗಳು ತಾವೇ ಸಲ್ಲಿಸುತ್ತವೆ. ಖಾಸಗಿ ಮನೆಯ ಮಾಲೀಕರು ಸಲ್ಲಿಸದಿದ್ದಲ್ಲಿ, ಅವಧಿ ವಿಸ್ತರಣೆಗೆ ಹೋದಾಗ ಬಾಡಿಗೆದಾರರಿಗೆ ತೊಂದರೆಯಾಗಬಹುದು. 2004ರ ಹೋಟೆಲ್ ಕಾಯ್ದೆಯಡಿ, ಪರವಾನಗಿಯಿಲ್ಲದ ಫ್ಲ್ಯಾಟುಗಳನ್ನು ದಿನಬಾಡಿಗೆಗೆ ನೀಡುವುದು ಕಾನೂನುಬಾಹಿರವಾಗಿದೆ.

ವೆಚ್ಚ ಮತ್ತು ಪರ್ಯಾಯ

ವೀಸಾ ರನ್‌ನ ವೆಚ್ಚದಲ್ಲಿ ಹೋಗಿಬರುವ ಪ್ರಯಾಣ, ನೆರೆಯ ದೇಶದ ವೀಸಾ ಶುಲ್ಕ, ಥಾಯ್ ವೀಸಾ ಶುಲ್ಕ, ವಸತಿ, ಊಟ ಹಾಗೂ ಥಾಯ್ಲೆಂಡಿನಲ್ಲಿ ಖಾಲಿ ಬಿಟ್ಟ ಕೋಣೆಯ ಬಾಡಿಗೆ ಸೇರುತ್ತವೆ. ಇದಕ್ಕೆ ಹೋಲಿಸಿದರೆ, ಥಾಯ್ಲೆಂಡಿನ ವಲಸೆ ಕಚೇರಿಯಲ್ಲಿಯೇ 1,900 ಬಹ್ತ್ ಪಾವತಿಸಿ ಸಾಮಾನ್ಯವಾಗಿ 30 ದಿನಗಳ ವಿಸ್ತರಣೆಗೆ ಅರ್ಜಿ ಸಲ್ಲಿಸುವುದು ಹಲವು ಸಂದರ್ಭಗಳಲ್ಲಿ ಅಗ್ಗವಾಗಿದೆ. ಆದ್ದರಿಂದ ವಿಸ್ತರಣೆಯ ಅವಕಾಶವನ್ನು ಮೊದಲು ಪರಿಶೀಲಿಸುವುದು ಸೂಕ್ತ.

ದಿನಾಂಕದ ಆಯ್ಕೆಯೂ ವೆಚ್ಚವನ್ನು ನಿರ್ಧರಿಸುತ್ತದೆ. ಥಾಯ್ ಕಚೇರಿಗಳು ವಾರಾಂತ್ಯದಲ್ಲಿಯೂ ಥಾಯ್ಲೆಂಡಿನ ಮತ್ತು ಆತಿಥೇಯ ದೇಶದ ರಜಾದಿನಗಳಲ್ಲಿಯೂ ಮುಚ್ಚಿರಬಹುದು. ಏಪ್ರಿಲ್ ಮಧ್ಯದ ಸೋಂಗ್‌ಕ್ರಾನ್ ಹಬ್ಬದ ಕಾಲದಲ್ಲಿ ಲಾವೋಸಿನಲ್ಲೂ ಹೊಸ ವರ್ಷದ ಆಚರಣೆ ಇರುವುದರಿಂದ ಕಚೇರಿಗಳು ಮುಚ್ಚಿರುತ್ತವೆ, ರೈಲು ಮತ್ತು ಕೋಣೆಗಳು ತುಂಬಿರುತ್ತವೆ. ಗುರುವಾರ ಅಥವಾ ಶುಕ್ರವಾರ ತಲುಪಿದವರು ಶನಿವಾರ ಮತ್ತು ಭಾನುವಾರಗಳ ಬಾಡಿಗೆಯನ್ನು ಹೆಚ್ಚುವರಿಯಾಗಿ ತೆರಬೇಕಾಗಬಹುದು. ವಾರದ ಆರಂಭದಲ್ಲಿ, ಅವಧಿ ಮುಗಿಯಲು ಕೆಲವು ದಿನಗಳಿರುವಾಗಲೇ ಹೊರಡುವುದು ಉತ್ತಮ.

ಮರುಪ್ರವೇಶ

ಹಿಂದಿನ ಪ್ರವೇಶವಾಗಲಿ, ಕೈಯಲ್ಲಿರುವ ವೀಸಾ ಆಗಲಿ ಮರುಪ್ರವೇಶದ ಹಕ್ಕನ್ನು ನೀಡುವುದಿಲ್ಲ. ಅಂತಿಮ ನಿರ್ಧಾರ ಗಡಿಯ ವಲಸೆ ಅಧಿಕಾರಿಯದಾಗಿರುತ್ತದೆ. ಅಧಿಕಾರಿಯು ಮುಂದಿನ ಪ್ರಯಾಣದ ಟಿಕೆಟ್, ವಸತಿಯ ವಿಳಾಸ ಹಾಗೂ ಖರ್ಚಿಗೆ ಹಣವನ್ನು ಕೇಳಬಹುದು. ವೀಸಾ ವಿನಾಯಿತಿಯಲ್ಲಿ ಬರುವವರಿಗೆ ಈ ಮೊತ್ತವನ್ನು ವ್ಯಕ್ತಿಗೆ 10,000 ಬಹ್ತ್ ಎಂದು ನಿಗದಿಪಡಿಸಲಾಗಿತ್ತು. 2025ರ ಮೇ 1ರಿಂದ ಥಾಯ್ಲೆಂಡ್ ಪ್ರವೇಶಿಸುವ ವಿದೇಶಿಯರು ಡಿಜಿಟಲ್ ಆಗಮನ ಪತ್ರವನ್ನು ಮುಂಚಿತವಾಗಿ ತುಂಬಬೇಕು. ಮಲೇಷ್ಯಾದಲ್ಲಿ ಇಂತಹ ವ್ಯವಸ್ಥೆ 2024ರ ಜನವರಿಯಿಂದ ಜಾರಿಯಲ್ಲಿದೆ.

ಪ್ರವೇಶ ನಿರಾಕರಿಸಲ್ಪಟ್ಟವರ ಸಾಮಾನು, ಉದ್ಯೋಗ, ಕೆಲವೊಮ್ಮೆ ಕುಟುಂಬವೂ ಗಡಿಯ ಆಚೆ ಉಳಿಯುತ್ತದೆ. ಇದರಿಂದಾಗಿ ಔಷಧ, ದಾಖಲೆಗಳು ಮತ್ತು ಕೆಲವು ದಿನಗಳಿಗೆ ಸಾಕಾಗುವ ಹಣವನ್ನು ಜೊತೆಗೊಯ್ಯುವುದು ಕಿರುಪ್ರಯಾಣದಲ್ಲಿಯೂ ಅವಶ್ಯಕವೆನಿಸಿದೆ. ಪ್ರವಾಸಿಯಾಗಿ ಪ್ರವೇಶಿಸಿ ಸ್ಥಳೀಯ ಉದ್ಯೋಗ ಮಾಡುವುದಕ್ಕೆ ಅನುಮತಿಯಿಲ್ಲ. ಉದ್ಯೋಗಕ್ಕೆ ಪ್ರತ್ಯೇಕ ವೀಸಾ ಮತ್ತು ಕೆಲಸದ ಪರವಾನಗಿ ಬೇಕು.

ಭಾರತೀಯ ಪ್ರಯಾಣಿಕರು

ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಥಾಯ್ಲೆಂಡ್ 2023ರ ನವೆಂಬರ್‌ನಿಂದ 30 ದಿನಗಳ ಹಾಗೂ 2024ರ ಜುಲೈನಿಂದ 60 ದಿನಗಳ ವೀಸಾ ವಿನಾಯಿತಿಯನ್ನು ನೀಡಿತು. ಮಲೇಷ್ಯಾವು 2023ರ ಡಿಸೆಂಬರ್ 1ರಿಂದ 30 ದಿನಗಳ ವಿನಾಯಿತಿ ನೀಡಿ, ಬಳಿಕ ಆ ಸೌಲಭ್ಯವನ್ನು 2026ರ ಅಂತ್ಯದವರೆಗೆ ವಿಸ್ತರಿಸಿತು. ಸಿಂಗಪುರಕ್ಕೆ ಭಾರತೀಯರು ಮುಂಚಿತವಾಗಿ ವೀಸಾ ಪಡೆಯಬೇಕು. ಹೀಗಾಗಿ ಪಾಶ್ಚಾತ್ಯ ಪ್ರವಾಸಿಗರಿಗಾಗಿ ಬರೆದ ಮಾರ್ಗದರ್ಶಿಗಳನ್ನು ಭಾರತೀಯರು ಯಥಾವತ್ತಾಗಿ ಅನುಸರಿಸಲಾಗದು. ಪದೇಪದೇ ಗಡಿ ದಾಟುವವರ ಪಾಸ್‌ಪೋರ್ಟಿನ ಪುಟಗಳು ಬೇಗ ಮುಗಿಯುತ್ತವೆ. ಭಾರತದಲ್ಲಿ 36 ಪುಟಗಳ ಜೊತೆಗೆ 60 ಪುಟಗಳ ಪಾಸ್‌ಪೋರ್ಟ್ ಕೂಡ ಲಭ್ಯವಿದೆ.

ಸಸ್ಯಾಹಾರಿಗಳಿಗೆ ಜಾರ್ಜ್ ಟೌನಿನ ಲಿಟಲ್ ಇಂಡಿಯಾ ಪ್ರದೇಶ ಅನುಕೂಲಕರವಾಗಿದ್ದು, ಇಡ್ಲಿ, ದೋಸೆ ಹಾಗೂ ಬಾಳೆಎಲೆ ಊಟ ದೊರೆಯುತ್ತವೆ. ಥಾಯ್ ಮತ್ತು ಲಾವೋ ಅಡುಗೆಯಲ್ಲಿ ಮೀನಿನ ಸಾರದ ಬಳಕೆ ಸಾಮಾನ್ಯ. ಥಾಯ್ಲೆಂಡಿನಲ್ಲಿ ಹಳದಿ ಬಣ್ಣದ 'ಜೇ' ಫಲಕವಿರುವ ಅಂಗಡಿಗಳಲ್ಲಿ ಮಾಂಸ ಮತ್ತು ಮೀನುರಹಿತ ಆಹಾರ ಸಿಗುತ್ತದೆ.

'ಪ್ರವಾಸಿಯಾಗಿ ಬನ್ನಿ, ಕೆಲಸದ ವೀಸಾವನ್ನು ಗಡಿಯಲ್ಲಿ ಮಾಡಿಸಿಕೊಡುತ್ತೇವೆ' ಎಂಬ ಬಗೆಯ ಆಮಿಷಗಳ ಬಗ್ಗೆ ಎಚ್ಚರ ಅಗತ್ಯ. ಉದ್ಯೋಗದ ಭರವಸೆಯಿಂದ ಬ್ಯಾಂಕಾಕಿಗೆ ಬಂದ ಹಲವು ಭಾರತೀಯರನ್ನು ಮೇ ಸೋಟ್ ಗಡಿಯಾಚೆ ಮ್ಯಾನ್ಮಾರಿನ ಮ್ಯಾವಡ್ಡಿ ಪ್ರದೇಶದ ಸೈಬರ್ ವಂಚನೆ ಕೇಂದ್ರಗಳಿಗೆ ಸಾಗಿಸಲಾಗಿತ್ತು. 2025ರ ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಮೇ ಸೋಟ್‌ನಿಂದ 500ಕ್ಕೂ ಹೆಚ್ಚು ಮಂದಿಯನ್ನು ಸ್ವದೇಶಕ್ಕೆ ಕರೆತಂದವು. ಗಡಿ ದಾಟುವಾಗ ಪಾಸ್‌ಪೋರ್ಟನ್ನು ಮಧ್ಯವರ್ತಿಗಳ ವಶಕ್ಕೆ ನೀಡಬಾರದು. ಸಂಕಷ್ಟದಲ್ಲಿ ಬ್ಯಾಂಕಾಕ್ ಮತ್ತು ವಿಯೆಂಟಿಯಾನ್‌ಗಳ ಭಾರತೀಯ ರಾಯಭಾರ ಕಚೇರಿಗಳನ್ನು, ಮಲೇಷ್ಯಾದಲ್ಲಿ ಕೌಲಾಲಂಪುರದ ಹೈಕಮಿಷನ್ ಕಚೇರಿಯನ್ನು ಸಂಪರ್ಕಿಸಬಹುದು.